ಹನ್ನೊಂದು ಬೇಸಿಗೆ ಕಾಡಿನ ಬೆಂಕಿ ಆರಿಸಿದ ಅಣ್ಣನಿಗೆ ಮಳೆಗಾಲದಲ್ಲೂ ನಿಲ್ಲದ ಕೆಮ್ಮು

ಹಂಗಳದ ಮೇಷ್ಟ್ರು – ಜೂನ್ 14

ನಮ್ಮ ಅಣ್ಣನಿಗೆ ಈಗ 38 ವರ್ಷ. ಗುಂಡ್ಲುಪೇಟೆ ತಾಲ್ಲೂಕಿನ ಕಾಡಂಚಿನ ಊರುಗಳ ಹಲವರಂತೆ ಅವನೂ ಹನ್ನೊಂದು ಬೇಸಿಗೆಗಳಿಂದ ಫೈರ್ ವಾಚರ್ ಕೆಲಸಕ್ಕೆ, ಅಂದರೆ ಕಾಡಿಗೆ ಬೆಂಕಿ ಬೀಳದಂತೆ ಕಾಯುವ, ಬಿದ್ದರೆ ಆರಿಸುವ ಕೂಲಿಗೆ ಹೋಗುತ್ತಿದ್ದಾನೆ. ಡಿಸೆಂಬರ್ ಕೊನೆಯಲ್ಲಿ ಬೆಂಕಿ ರೇಖೆ (ಕಾಡ್ಗಿಚ್ಚು ದಾಟದಂತೆ ಮೊದಲೇ ಹುಲ್ಲು ಸುಟ್ಟು ಬರಿದು ಮಾಡುವ ಪಟ್ಟಿ) ಸುಡುವುದರಿಂದ ಶುರುವಾಗುವ ಕೆಲಸ, ಮಳೆ ಹಿಡಿಯುವವರೆಗೆ ನಡೆಯುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸಿಗೆ ಬೆಂಕಿ ಬಿದ್ದು, ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ನೀರು ಸುರಿದವಲ್ಲ, ಆಗಲೂ ಅವನು ಅಲ್ಲಿದ್ದ.

ಪ್ರತಿ ವರ್ಷ ಬೆಂಕಿಯಿಂದ ಹಿಂದಿರುಗಿದ ಮೇಲೆ ಮೂರು ನಾಲ್ಕು ದಿನ ಅವನಿಗೆ ಕಪ್ಪು ಕಫ ಬೀಳುವುದು ನಮಗೆ ಹೊಸದಲ್ಲ. ಅವನು ಮೂಗಿಗೆ ಕಟ್ಟಿಕೊಂಡು ಹೋಗುವ ಟವೆಲ್ಲನ್ನು ಅತ್ತಿಗೆ ಎರಡು ಬಾರಿ ಸೋಪು ಹಾಕಿ ಒಗೆದರೂ ಮೂರನೆಯ ನೀರು ಟೀ ಬಣ್ಣಕ್ಕೆ ತಿರುಗುತ್ತದೆ. ಆದರೆ ಈ ವರ್ಷ ಮಾರ್ಚ್‌ನಲ್ಲಿ ಹಿಡಿದ ಕೆಮ್ಮು ಜೂನ್ ಬಂದರೂ ಬಿಟ್ಟಿಲ್ಲ. ಹಗಲು ಅಷ್ಟಾಗಿ ಕಾಣದು. ರಾತ್ರಿ ಎರಡು ಮೂರು ಗಂಟೆಯ ಹೊತ್ತಿಗೆ ಎದ್ದು ಕುಳಿತು ಕೆಮ್ಮುತ್ತಾನೆ, ಎದೆಯಲ್ಲಿ ಕುಯ್ಯ್ ಎನ್ನುವ ಸದ್ದು ಪಕ್ಕದ ಕೋಣೆಗೆ ಕೇಳಿಸುತ್ತದೆ. ಕಳೆದ ವಾರ ಗೊಬ್ಬರದ ಮೂಟೆ ಹೊತ್ತು ಹೊಲದ ಬದುವಿನವರೆಗೆ ನಡೆಯುವಷ್ಟರಲ್ಲಿ ಎರಡು ಸಲ ಇಳಿಸಿ ನಿಂತದ್ದನ್ನು ನಾನೇ ಕಣ್ಣಾರೆ ನೋಡಿದೆ.

ಹತ್ತಿರದ ಒಂದು ಆಸ್ಪತ್ರೆಯಲ್ಲಿ ಎಕ್ಸ್‌-ರೇ ತೆಗೆದು, ‘ಎದೆ ಸ್ವಚ್ಛವಾಗಿದೆ, ಧೂಳಿನ ಅಲರ್ಜಿ’ ಎಂದು ಹೇಳಿ, ಕೆಮ್ಮಿನ ಸಿರಪ್ ಮತ್ತು ಐದು ದಿನದ ಆ್ಯಂಟಿಬಯಾಟಿಕ್ ಮಾತ್ರೆ ಕೊಟ್ಟು ಕಳುಹಿಸಿದರು. ಮೊದಲು ಅವನಿಗೆ ಬೀಡಿಯ ಚಟವಿತ್ತು. ಬಿಟ್ಟು ಆರು ವರ್ಷವಾಯಿತು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವನು, ವೈದ್ಯಕೀಯ ನನಗೆ ತಿಳಿಯದು. ಆದ್ದರಿಂದ ತಿಳಿದವರಲ್ಲಿ ಕೇಳುತ್ತಿದ್ದೇನೆ. ಈ ಕೆಮ್ಮಿಗೂ ಕಾಡಿನ ಹೊಗೆಗೂ ಸಂಬಂಧವಿದೆಯೇ, ಇದ್ದರೆ ಅದನ್ನು ಯಾವ ಪರೀಕ್ಷೆಯಿಂದ ಗೊತ್ತುಮಾಡಿಕೊಳ್ಳಬೇಕು? ಒದ್ದೆ ಟವೆಲ್ ಕಟ್ಟಿಕೊಂಡರೆ ಹೊಗೆ ಒಳಗೆ ಹೋಗುವುದಿಲ್ಲ ಎಂದು ಅವನು ನಂಬಿದ್ದಾನೆ, ಅದು ನಿಜವೇ? ಎಲ್ಲಕ್ಕಿಂತ ಮುಖ್ಯವಾಗಿ, ಬರುವ ಡಿಸೆಂಬರ್‌ನಲ್ಲಿ ಅವನನ್ನು ಮತ್ತೆ ಕೆಲಸಕ್ಕೆ ಕಳುಹಿಸಬಹುದೇ? ಬೇಡವೆಂದರೆ ಅವನು ಕೇಳುವವನಲ್ಲ; ನಾಲ್ಕು ತಿಂಗಳ ಆ ಕೂಲಿಯಲ್ಲೇ ಮಕ್ಕಳ ಶಾಲೆಯ ಖರ್ಚು ನಡೆಯುತ್ತಿದೆ.

ನಿವೃತ್ತ ಆರ್‌ಎಫ್‌ಒ (ವಲಯ ಅರಣ್ಯಾಧಿಕಾರಿ), ಹುಣಸೂರು – ಜೂನ್ 14

ಮೇಷ್ಟ್ರೇ, ವೈದ್ಯಕೀಯದ ಮಾತನ್ನು ವೈದ್ಯರೇ ಹೇಳಲಿ. ನಿಮ್ಮ ಅಣ್ಣ ಹೊಗೆ ಕುಡಿಯುವುದು ಎಲ್ಲಿ ಎಂಬುದನ್ನು ಮಾತ್ರ ನಾನು ಹೇಳಬಲ್ಲೆ, ಏಕೆಂದರೆ ಅದರ ಬಗ್ಗೆ ಹೊರಗಿನವರಿಗೆ ಇರುವ ಕಲ್ಪನೆ ಬಹುಮಟ್ಟಿಗೆ ತಪ್ಪು.

ಪತ್ರಿಕೆಯ ಚಿತ್ರಗಳಲ್ಲಿ ಕಾಣುವುದು ಆಳೆತ್ತರದ ಉರಿ, ಅದರ ಮುಂದೆ ಹಸಿ ಸೊಪ್ಪು ಹಿಡಿದು ಬಡಿಯುತ್ತಿರುವ ಹುಡುಗರು. ಆ ಕೆಲಸ ಪ್ರಾಣಾಪಾಯದ್ದು ಎಂಬುದರಲ್ಲಿ ಅನುಮಾನವಿಲ್ಲ. 2017ರಲ್ಲಿ ಬಂಡೀಪುರದಲ್ಲಿ, 2023ರಲ್ಲಿ ಸಕಲೇಶಪುರದ ಕಡೆ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರನ್ನು ನಾವು ಕಳೆದುಕೊಂಡಿದ್ದೇವೆ. ಆದರೆ ಉರಿಯ ಎದುರು ನಿಲ್ಲುವ ಅವಧಿ ಒಟ್ಟು ಕೆಲಸದಲ್ಲಿ ಚಿಕ್ಕದು. ಹುಲ್ಲು, ತರಗೆಲೆ, ಒಣಗಿದ ಲಂಟಾನ ಭಗ್ಗನೆ ಹೊತ್ತಿ ಅಷ್ಟೇ ಬೇಗ ಮುಂದೆ ಹೋಗುತ್ತವೆ. ನಾವು ರೇಖೆಯಿಂದ ಎದುರು ಬೆಂಕಿ ಕೊಟ್ಟು ಅದನ್ನು ನಿಲ್ಲಿಸಿದ ಮೇಲೆ ನಿಜವಾದ ಹೊಗೆಯ ಕೆಲಸ ಶುರುವಾಗುತ್ತದೆ. ಒಳಗೊಳಗೇ ಕನಲುವ ಮರದ ಬೊಡ್ಡೆ, ಸತ್ತ ಬಿದಿರು ಮೆಳೆಯ ಬುಡ, ಬಿದ್ದ ಕೊರಡು, ಇವುಗಳ ಜೊತೆಗೆ ಆನೆ ಲದ್ದಿ. ಒಣಗಿದ ಲದ್ದಿಯುಂಡೆಗೆ ಕಿಡಿ ತಾಗಿತೆಂದರೆ ಮೇಲೆ ಬೂದಿ ಕಟ್ಟಿಕೊಂಡು ಒಳಗೆ ಗಂಟೆಗಟ್ಟಲೆ ಕೆಂಡವಾಗಿಯೇ ಇರುತ್ತದೆ. ಮಾರನೆಯ ಮಧ್ಯಾಹ್ನ ಗಾಳಿ ಎದ್ದಾಗ ಅದೇ ಉಂಡೆ ಉರುಳಿ ರೇಖೆ ದಾಟಿ ಇನ್ನೊಂದು ಗುಡ್ಡವನ್ನು ಸುಡಬಲ್ಲದು. ಹಾಗಾಗಿ ವಾಚರುಗಳು ಒಂದೊಂದು ಕೊರಡನ್ನೂ ಕೆದಕಿ, ಹೊರಳಿಸಿ, ಮಣ್ಣು ಮುಚ್ಚಿ ಎರಡು ಮೂರು ದಿನ ಅಲ್ಲೇ ಕಾಯಬೇಕು. ಕೆದಕುವಾಗ ಮುಖ ಹೊಗೆಯಿಂದ ಒಂದು ಮಾರು ದೂರವೂ ಇರುವುದಿಲ್ಲ.

ರಾತ್ರಿಯ ವಿಚಾರ ಬೇರೆ. ಬಿಸಿಲಿಗೆ ಮೇಲೇರುವ ಹೊಗೆ ಸಂಜೆ ತಂಪಾದಂತೆ ಹಳ್ಳಕ್ಕೆ ಇಳಿದು ಬೆಳಗಿನವರೆಗೆ ಅಲ್ಲೇ ನಿಲ್ಲುತ್ತದೆ. ನೀರು ಹತ್ತಿರ ಇರುವುದರಿಂದ ನಮ್ಮವರು ಮಲಗುವುದೂ ಹಳ್ಳದಲ್ಲೇ. ಮಲಗುವ ಜಾಗವನ್ನು ಗುಡ್ಡದ ಮೇಲಿನ ದಿಣ್ಣೆಗೆ ಏರಿಸಿದರೆ ಒಂದು ಪೈಸೆ ಖರ್ಚಿಲ್ಲದೆ ರಾತ್ರಿಯ ಹೊಗೆಯ ಬಹುಪಾಲನ್ನು ತಪ್ಪಿಸಬಹುದು. ಇದು ನನಗೆ ಹೊಳೆದದ್ದು ನಿವೃತ್ತಿಗೆ ಮೂರು ವರ್ಷ ಇರುವಾಗ.

ಇನ್ನೊಂದು ಸಂಗತಿ. ಡಿಸೆಂಬರ್–ಜನವರಿಯಲ್ಲಿ ಬೆಂಕಿ ರೇಖೆ ಸುಡುವುದನ್ನು ಯಾರೂ ‘ಬೆಂಕಿ ಬಿದ್ದ ದಿನ’ ಎಂದು ಎಣಿಸುವುದಿಲ್ಲ, ಏಕೆಂದರೆ ಅದು ನಾವೇ ಹಚ್ಚಿದ್ದು. ಮಂಜಿನಿಂದ ಅರೆ ಒದ್ದೆಯಾದ ಹುಲ್ಲನ್ನು ಸುಡುವಾಗ ಏಳುವ ಬಿಳಿ ಹೊಗೆಯಲ್ಲಿ ವಾರಗಟ್ಟಲೆ ನಿಲ್ಲುವವರೂ ಇದೇ ಜನ. ಮಲೆನಾಡಿನ ಕಡೆಯಾದರೆ ಹೊಳಿಗೇರಿನಂಥ ಮರಗಳ ಕಾಟವೂ ಸೇರುತ್ತದೆ. ಸೊನೆ ತಾಗಿದರೆ ಬೊಬ್ಬೆ ಏಳಿಸುವ ಆ ಮರ ಸುಟ್ಟ ಹೊಗೆಗೆ ಮುಖ ಊದಿಸಿಕೊಂಡು ಬಂದವರನ್ನು ನಾನು ನೋಡಿದ್ದೇನೆ.

ಮೂವತ್ತೊಂದು ವರ್ಷದ ಸೇವೆಯಲ್ಲಿ ಸುಟ್ಟ ಕಾಡನ್ನು ಹೆಕ್ಟೇರಿನ ಲೆಕ್ಕದಲ್ಲಿ ಬರೆದು ಕಳುಹಿಸಿದ್ದೇನೆ. ಯಾವ ಹುಡುಗ ಎಷ್ಟು ಗಂಟೆ ಹೊಗೆಯಲ್ಲಿದ್ದ ಎಂದು ಒಂದು ದಿನವೂ ಬರೆಯಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಎದೆರೋಗ ವೈದ್ಯೆ, ಮೈಸೂರು – ಜೂನ್ 15

ಮೇಷ್ಟ್ರೇ, ರೋಗಿಯನ್ನು ಕಣ್ಣಾರೆ ನೋಡದೆ ರೋಗ ಇಂಥದ್ದೇ ಎಂದು ಹೇಳುವುದು ಸರಿಯಲ್ಲ. ಆದರೂ ನೀವು ಬರೆದಿರುವುದರಲ್ಲಿ ಮೂರು ಅಂಶಗಳು ನನ್ನನ್ನು ತಡೆದು ನಿಲ್ಲಿಸಿದವು: ಕೆಮ್ಮು ನಡುರಾತ್ರಿಯ ನಂತರ ಹೆಚ್ಚಾಗುವುದು, ಕುಯ್ಯ್ ಎನ್ನುವ ಸದ್ದು, ಭಾರ ಹೊತ್ತಾಗ ದಮ್ಮು ಕಟ್ಟುವುದು. ಈ ಮೂರೂ ಒಟ್ಟಿಗೆ ಇದ್ದಾಗ ಶ್ವಾಸನಾಳಗಳು ಊದಿಕೊಂಡು ಕಿರಿದಾಗಿರಬಹುದು ಎಂದು ಯೋಚಿಸಬೇಕಾಗುತ್ತದೆ. ಎಕ್ಸ್‌-ರೇಯಲ್ಲಿ ಅದು ಕಾಣುವುದಿಲ್ಲ. ಎಕ್ಸ್‌-ರೇ ನ್ಯುಮೋನಿಯಾ, ನೀರು ತುಂಬಿರುವುದು, ಗಂಟು, ಕ್ಷಯದ ಕಲೆ ಇಂಥವನ್ನು ತೋರಿಸುತ್ತದೆಯೇ ಹೊರತು ನಾಳದೊಳಗೆ ಗಾಳಿ ಎಷ್ಟು ಸರಾಗವಾಗಿ ಹರಿಯುತ್ತಿದೆ ಎಂಬುದನ್ನಲ್ಲ. ‘ಎದೆ ಸ್ವಚ್ಛವಾಗಿದೆ’ ಎಂಬ ಮಾತು ಸುಳ್ಳಲ್ಲ; ನಿಮ್ಮ ಪ್ರಶ್ನೆಗೆ ಅದು ಉತ್ತರವೂ ಅಲ್ಲ.

ಎಲ್ಲಕ್ಕಿಂತ ಮೊದಲು ಕಫ ಪರೀಕ್ಷೆ ಮಾಡಿಸಿ. ಎರಡು ವಾರ ಮೀರಿದ ಯಾವ ಕೆಮ್ಮನ್ನೂ ಕ್ಷಯವಲ್ಲವೆಂದು ಖಾತ್ರಿಪಡಿಸಿಕೊಳ್ಳದೆ ಬಿಡಬಾರದು. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಉಚಿತ. ಹೊಗೆಯ ಕೆಲಸ ಮಾಡುವವರಲ್ಲಿ ‘ಹೊಗೆಯಿಂದಲೇ ಇರಬೇಕು’ ಎಂದುಕೊಂಡು ಕ್ಷಯವನ್ನು ತಡವಾಗಿ ಪತ್ತೆ ಮಾಡಿದ ಪ್ರಕರಣಗಳನ್ನು ನಾನು ಕಂಡಿದ್ದೇನೆ.

ಅದಾದ ಮೇಲೆ ಸ್ಪೈರೋಮೆಟ್ರಿ ಮಾಡಿಸಿ. ಎದೆ ತುಂಬ ಉಸಿರು ಎಳೆದುಕೊಂಡು ಒಂದು ಕೊಳವೆಗೆ ಬಲವಾಗಿ ಊದುವ ಪರೀಕ್ಷೆ ಇದು. ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಲೀಟರ್ ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂಬ ಎರಡು ಅಂಕಿಗಳೇ ಇದರ ತಿರುಳು. ಆಮೇಲೆ ಶ್ವಾಸನಾಳ ಅಗಲಿಸುವ ಸಾಲ್‌ಬ್ಯುಟಮಾಲ್ ಔಷಧ ಎಳೆಸಿ, ಹದಿನೈದು ನಿಮಿಷ ಬಿಟ್ಟು, ಮತ್ತೆ ಊದಿಸುತ್ತೇವೆ. ಮೊದಲ ಸೆಕೆಂಡಿನ ಗಾಳಿ ಶೇ 12ಕ್ಕಿಂತ ಹೆಚ್ಚು ಮತ್ತು 200 ಮಿಲಿಲೀಟರಿಗಿಂತ ಹೆಚ್ಚು ಏರಿದರೆ ನಾಳಗಳು ಔಷಧಕ್ಕೆ ತೆರೆದುಕೊಳ್ಳುತ್ತಿವೆ, ಅಂದರೆ ಆಸ್ತಮಾದ ಸ್ವಭಾವ ಇದೆ ಎಂದು ತಿಳಿಯುವುದು ವಾಡಿಕೆ. ಮೈಸೂರಿನ ಪಿಕೆಟಿಬಿ ಆಸ್ಪತ್ರೆಯಂಥ ಎದೆರೋಗದ ಆಸ್ಪತ್ರೆಗೆ ಒಂದು ದಿನ ಬಿಡುವು ಮಾಡಿಕೊಂಡು ಹೋದರೆ ಎರಡೂ ಪರೀಕ್ಷೆಗಳು ಒಟ್ಟಿಗೆ ಮುಗಿಯುತ್ತವೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸ್ಪೈರೋಮೆಟ್ರಿ ವರದಿಯಲ್ಲಿ ಅದೇ ವಯಸ್ಸು, ಅದೇ ಎತ್ತರದ ಗಂಡಸಿಗೆ ಸರಾಸರಿ ಎಷ್ಟಿರಬೇಕೋ ಅದರ ಶೇಕಡಾವಾರು ಬರೆದಿರುತ್ತಾರೆ, ಶೇ 80 ದಾಟಿದರೆ ‘ಸಾಧಾರಣ’ ಎಂದು ಮುದ್ರೆ ಬೀಳುತ್ತದೆ. ಬೆಟ್ಟ ಹತ್ತಿ ಇಳಿದು ಬೆಳೆದ ಗಟ್ಟಿಮುಟ್ಟಾದ ಆಳು ಸರಾಸರಿಯಿಂದ ಹೊರಟವನಲ್ಲ. ಸರಾಸರಿ 3.2 ಲೀಟರ್ ಇರಬೇಕಾದ ಕಡೆ ಅವನಲ್ಲಿ ಮೊದಲು 3.7 ಲೀಟರ್ ಇತ್ತೆಂದು ಇಟ್ಟುಕೊಳ್ಳಿ. ಅದು 2.9ಕ್ಕೆ ಇಳಿದರೂ ವರದಿ ಶೇ 90 ಎಂದೇ ಹೇಳುತ್ತದೆ, ವೈದ್ಯರು ಏನೂ ತೊಂದರೆಯಿಲ್ಲ ಎನ್ನುತ್ತಾರೆ. ಬೀಡಿ ಸೇದದ ಆರೋಗ್ಯವಂತನಿಗೆ ವಯಸ್ಸಾದಂತೆ ವರ್ಷಕ್ಕೆ ಸುಮಾರು 25ರಿಂದ 30 ಮಿಲಿಲೀಟರ್ ಇಳಿಯುವುದು ಸಹಜ. ಆ ಲೆಕ್ಕದಲ್ಲಿ 800 ಮಿಲಿಲೀಟರ್ ಎಂದರೆ ಇಪ್ಪತ್ತೈದು ವರ್ಷಕ್ಕೂ ಮಿಕ್ಕಿದ ಸವೆತ. ಅದು ‘ಸಾಧಾರಣ’ದ ಒಳಗೇ ಅಡಗಿ ಕುಳಿತಿರುತ್ತದೆ. ಆದ್ದರಿಂದ ಇಂಥ ಕೆಲಸಕ್ಕೆ ಹೋಗುವವರಿಗೆ ಬೇಕಾದದ್ದು ಊರಿನ ಸರಾಸರಿಯ ಜೊತೆ ಹೋಲಿಕೆಯಲ್ಲ, ಅವರದೇ ಹಿಂದಿನ ಅಂಕಿಯ ಜೊತೆ ಹೋಲಿಕೆ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಒಮ್ಮೆ ಊದಿಸಿ ಇಟ್ಟಿದ್ದರೆ ಇವತ್ತು ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೈಯಲ್ಲಿರುತ್ತಿತ್ತು. ಹೋಗಲಿ, ಈಗಲಾದರೂ ಆಗಲಿ.

ಹೊಗೆ ಏನು ಮಾಡುತ್ತದೆ ಎಂಬುದಕ್ಕೆ ಬರುತ್ತೇನೆ. ರಸ್ತೆಯ ಧೂಳಿನ ದಪ್ಪ ಕಣ ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತದೆ. ಕಟ್ಟಿಗೆ, ಎಲೆ ಸುಟ್ಟ ಹೊಗೆಯ ಕಣಗಳು ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವು. ಕೂದಲೆಳೆಯ ದಪ್ಪ ಐವತ್ತು ಅರವತ್ತು ಮೈಕ್ರಾನ್ ಎಂದರೆ ಅವು ಎಷ್ಟು ಸಣ್ಣವೆಂದು ಊಹಿಸಿ. ಅವು ಗಾಳಿಯೊಂದಿಗೇ ಹರಿದು ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತವೆ. ಸುಮ್ಮನೆ ಕುಳಿತವನು ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೆದರೆ, ಇಳಿಜಾರಿನಲ್ಲಿ ಸೊಪ್ಪು ಬಡಿಯುವವನು ನಲವತ್ತು ಲೀಟರ್ ದಾಟುತ್ತಾನೆ, ಅದೂ ಬಾಯಿಂದ. ಒಳಗೆ ಹೋದ ಮಸಿಯನ್ನು ನುಂಗಿ ಸಾಗಹಾಕುವ ಜೀವಕೋಶಗಳಿವೆ, ಕಪ್ಪು ಕಫ ಅವುಗಳ ಕೆಲಸದ ಗುರುತು. ಕಫ ಬಿಳಿಯಾದ ಕೂಡಲೇ ಎಲ್ಲವೂ ಹೊರಹೋಯಿತು ಎಂದು ತಿಳಿಯಬೇಡಿ. ಮಸಿಯ ಜೊತೆ ಬರುವ ಅಕ್ರೋಲಿನ್, ಫಾರ್ಮಾಲ್ಡಿಹೈಡ್‌ನಂಥ ಉರಿಯೂತ ತರುವ ಅನಿಲಗಳು ನಾಳದ ಒಳಪದರವನ್ನು ಕೆರಳಿಸುತ್ತವೆ. ಬಹಳ ಜನರಲ್ಲಿ ಈ ಕೆರಳಿಕೆ ಕೆಲವು ವಾರಗಳಲ್ಲಿ ತಣ್ಣಗಾಗುತ್ತದೆ. ಕೆಲವರಲ್ಲಿ ಆಗುವುದಿಲ್ಲ, ಆಮೇಲೆ ಒಗ್ಗರಣೆಯ ಘಾಟಿಗೂ ಚಳಿಗಾಳಿಗೂ ಎದೆ ಬಿಗಿಯುತ್ತದೆ. ಮನೆಯಲ್ಲಿ ಸೌದೆ ಒಲೆ ಇದೆಯೇ? ಇದ್ದರೆ ಅವನು ಮಲಗುವ ಜಾಗ ಅದರಿಂದ ಎಷ್ಟು ದೂರ?

ಒದ್ದೆ ಟವೆಲ್: ಬಿಸಿಗಾಳಿಯಿಂದ ಗಂಟಲಿಗೆ ಸ್ವಲ್ಪ ಹಿತ, ಬೂದಿಯ ದಪ್ಪ ಚೂರಿಗೆ ತಡೆ. ಸಣ್ಣ ಕಣಕ್ಕೂ ಅನಿಲಕ್ಕೂ ಅದು ಇದ್ದೂ ಇಲ್ಲದಂತೆ. ಅತ್ತಿಗೆಯವರು ಮೂರನೆಯ ನೀರಿನಲ್ಲಿ ಕಂಡದ್ದು ಟವೆಲ್ಲಿಗೆ ಸಿಕ್ಕಿಬಿದ್ದ ಪಾಲು.

ಬೀಟ್ ವಾಚರ್ – ಜೂನ್ 15

ವೈದ್ಯರೇ, ನಮಸ್ಕಾರ. ನಾನು ಒಂಬತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಕೊರೊನಾ ಕಾಲದಲ್ಲಿ ನಮಗೂ ಎನ್-95 ಮಾಸ್ಕ್ ಸಿಕ್ಕಿತ್ತು, ಹಾಕಿಕೊಂಡು ನೋಡಿದೆವು. ಮಾರ್ಚ್ ಬಿಸಿಲಿನಲ್ಲಿ ಬೆನ್ನ ಮೇಲೆ ಬ್ಲೋವರ್ (ಗಾಳಿ ಊದುವ ಯಂತ್ರ) ಹೊತ್ತು ಗುಡ್ಡ ಏರುವಾಗ ಅದು ಬೆವರಿಗೆ ಮೂತಿಗೆ ಅಂಟಿಕೊಂಡು ಉಸಿರೇ ಸಿಗುವುದಿಲ್ಲ, ಎರಡು ನಿಮಿಷಕ್ಕೆ ಕಿತ್ತು ಜೇಬಿಗೆ ಹಾಕುತ್ತೇವೆ. ಜೊತೆಗಾರನಿಗೆ ಕೂಗಿ ಹೇಳಿದ್ದು ಕೇಳುವುದಿಲ್ಲ. ಗಾಳಿ ತಿರುಗಿದಾಗ ಕೂಗು ಕೇಳದಿದ್ದರೆ ಶ್ವಾಸಕೋಶ ಉಳಿಸಿಕೊಳ್ಳಲು ಮನುಷ್ಯನೇ ಇರುವುದಿಲ್ಲ. ಮಾಸ್ಕ್ ಹಾಕಿ ಎಂದು ಕಚೇರಿಯಲ್ಲಿ ಕೂತು ಹೇಳುವುದು ಸುಲಭ.

ಎದೆರೋಗ ವೈದ್ಯೆ, ಮೈಸೂರು – ಜೂನ್ 15

ನೀವು ಹೇಳುವುದು ಸರಿ, ಅದನ್ನು ವಾದಿಸಿ ಗೆಲ್ಲುವ ಇಚ್ಛೆ ನನಗಿಲ್ಲ. ಉರಿಯ ಹತ್ತಿರ ಆ ಮಾಸ್ಕ್ ಬೇಡವೇ ಬೇಡ. ಅದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನದು, ಶಾಖಕ್ಕೆ ಕರಗಿ ಮುಖಕ್ಕೆ ಅಂಟುತ್ತದೆ. ಆದರೆ ಆರ್‌ಎಫ್‌ಒ ಅವರು ವಿವರಿಸಿದ ಕೊರಡು ಕೆದಕುವ ಕೆಲಸ, ರಾತ್ರಿ ಕಾವಲು, ಹೊಗೆಯಲ್ಲೇ ಜೀಪಿನಲ್ಲಿ ಹೋಗುವುದು, ಹಳ್ಳದಲ್ಲಿ ಮಲಗುವುದು ಇವೆಲ್ಲ ಓಡಾಟ ಕಡಿಮೆಯಿರುವ, ಹೊಗೆ ಹೆಚ್ಚಿರುವ ಹೊತ್ತು. ಅಲ್ಲಿ ಮಾಸ್ಕ್ ಹಾಕಲು ಆಗುತ್ತದೆ, ಅಲ್ಲಿ ಅದರಿಂದ ಲಾಭವೂ ಹೆಚ್ಚು.

ಕೊಳ್ಳುವಾಗ ಐಎಸ್ 9473 ಎಂಬ ಭಾರತೀಯ ಮಾನಕದ ಮುದ್ರೆಯಿರುವ ಎಫ್‌ಎಫ್‌ಪಿ 2 ದರ್ಜೆಯದನ್ನೋ ನಿಜವಾದ ಎನ್-95 ಅನ್ನೋ ನೋಡಿ, ಎರಡು ಪಟ್ಟಿಗಳು ತಲೆಯ ಹಿಂದೆ ಹೋಗುವಂಥದ್ದು, ಕಿವಿಗೆ ಸಿಕ್ಕಿಸುವುದಲ್ಲ. ಕೊರೊನಾದಲ್ಲಿ ಕವಾಟವಿರುವ ಮಾಸ್ಕ್ ಬೇಡವೆಂದಿದ್ದೆವು, ಏಕೆಂದರೆ ನಿಮ್ಮ ಉಸಿರು ಬೇರೆಯವರಿಗೆ ತಾಗಬಾರದಿತ್ತು. ಹೊಗೆಗೆ ಆ ನಿಯಮವಿಲ್ಲ. ಕವಾಟವಿದ್ದರೆ ಬಿಸಿಯುಸಿರು ಹೊರಹೋಗಿ ಸ್ವಲ್ಪ ಹಗುರ ಅನಿಸುತ್ತದೆ. ಗಡ್ಡವಿದ್ದರೆ ಅಂಚಿನಿಂದ ಹೊಗೆ ನುಸುಳುತ್ತದೆ. ಬೆವರಿಗೆ ನೆನೆದದ್ದನ್ನು ಬಿಸಾಡಿ ಹೊಸದು ಹಾಕಿ.

ಮಾಸ್ಕ್ ತಡೆಯದ ವಸ್ತು ಕಾರ್ಬನ್ ಮಾನಾಕ್ಸೈಡ್. ಕನಲುವ ಕೊರಡಿನಿಂದಲೇ ಅದು ಹೆಚ್ಚು ಬರುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ತಲೆ ಸಿಡಿಯುವುದು, ವಾಕರಿಕೆ, ಸರಳವಾದ ಮಾತಿಗೂ ತಡವರಿಸುವುದು ಕಂಡರೆ ಆ ಮನುಷ್ಯನನ್ನು ತಕ್ಷಣ ಶುದ್ಧ ಗಾಳಿಗೆ ಕರೆದೊಯ್ಯಿರಿ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ 98 ತೋರಿಸಿತೆಂದು ಸುಮ್ಮನಾಗಬೇಡಿ: ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಯಾವುದು, ಈ ವಿಷ ಹೊತ್ತದ್ದು ಯಾವುದು ಎಂದು ಆ ಯಂತ್ರಕ್ಕೆ ಬೇರ್ಪಡಿಸಲು ಬರುವುದಿಲ್ಲ. ತಿಳಿಗಾಳಿಯಲ್ಲಿ ಕುಳಿತರೂ ಆ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರೆ ಬೇಗ ಇಳಿಯುತ್ತದೆ.

ಸ್ಯಾಕ್ರಮೆಂಟೊ ಕನ್ನಡಿಗ – ಜೂನ್ 17

ಮೂಲತಃ ಸಾಗರದವನು, ಹದಿನಾಲ್ಕು ವರ್ಷದಿಂದ ಕ್ಯಾಲಿಫೋರ್ನಿಯಾದಲ್ಲಿ ಕೆಲಸದ ಸ್ಥಳಗಳ ಆರೋಗ್ಯ ಸುರಕ್ಷತೆಯ ಕ್ಷೇತ್ರದಲ್ಲಿದ್ದೇನೆ. ಬೀಟ್ ವಾಚರ್ ಅವರು ಬರೆದ ಮಾತನ್ನು ಇಲ್ಲಿಯ ಬೆಂಕಿ ಸಿಬ್ಬಂದಿ ಹೆಚ್ಚುಕಡಿಮೆ ಅದೇ ಪದಗಳಲ್ಲಿ ಹೇಳುತ್ತಾರೆ. ಅಮೆರಿಕ ಎಂದ ಕೂಡಲೇ ಸಿಲಿಂಡರ್ ಹೊತ್ತು ಮುಖವಾಡ ತೊಟ್ಟವರ ಚಿತ್ರ ಮನಸ್ಸಿಗೆ ಬರಬಹುದು. ಅವರು ಕಟ್ಟಡದ ಬೆಂಕಿಗೆ ಹೋಗುವವರು. ಕಾಡಿನ ಬೆಂಕಿಗೆ ಹೋಗುವವರು ದಶಕಗಳಿಂದ ಕುತ್ತಿಗೆಗೆ ಒಂದು ಹತ್ತಿಯ ಕರವಸ್ತ್ರ ಕಟ್ಟಿಕೊಂಡೇ ಹೋಗಿದ್ದಾರೆ. ಅರ್ಧ ಗಂಟೆ ಬಾಳುವ ಸಿಲಿಂಡರ್ ಹದಿನಾರು ಗಂಟೆಯ ಪಾಳಿಗೆ ಉಪಯೋಗಕ್ಕೆ ಬಾರದು. ಇಲ್ಲಿಯ ಕೇಂದ್ರ ಅರಣ್ಯ ಸೇವೆ ಬೆಂಕಿಯ ಸಾಲಿನಲ್ಲಿ ಎನ್-95 ಬಳಸಲು ಒಪ್ಪಿದ್ದು 2025ರಲ್ಲಿ, ಅದೂ ಇಷ್ಟವಿದ್ದವರಿಗೆ.

ಕಾನೂನಿನ ಒಂದು ವಿಚಿತ್ರ ಕೇಳಿ. ಕಾಡ್ಗಿಚ್ಚಿನ ಹೊಗೆಯಿಂದ ಹೊರಾಂಗಣ ಕೆಲಸಗಾರರನ್ನು ಕಾಪಾಡಲು ಕ್ಯಾಲಿಫೋರ್ನಿಯಾ 2019ರಲ್ಲಿ ನಿಯಮ ತಂದಿತು. ಪಿಎಂ 2.5ರ (2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳ) ವಾಯು ಗುಣಮಟ್ಟ ಸೂಚ್ಯಂಕ 151 ಮುಟ್ಟಿದರೆ ಮಾಲೀಕರು ಮಾಸ್ಕ್ ಒದಗಿಸಲೇಬೇಕು. ದ್ರಾಕ್ಷಿ ಕೊಯ್ಯುವವರಿಗೆ, ರಸ್ತೆ ಕೆಲಸದವರಿಗೆ ಅದು ಅನ್ವಯಿಸುತ್ತದೆ. ಆ ಹೊಗೆ ಏಳುವ ಜಾಗದಲ್ಲೇ ನಿಂತು ಬೆಂಕಿ ಆರಿಸುವವರನ್ನು ನಿಯಮದಿಂದ ಹೊರಗಿಟ್ಟಿದ್ದಾರೆ. ಅವರಿಗೆ ಅದನ್ನು ಅನ್ವಯಿಸುವುದು ಕಷ್ಟ ಎಂಬುದು ನಿಜ. ಕಷ್ಟವೆಂಬ ಕಾರಣಕ್ಕೆ ಅಳೆಯುವುದನ್ನೂ ಬಿಟ್ಟದ್ದು ನನಗೆ ಸರಿಕಾಣುವುದಿಲ್ಲ.

ವಿಜ್ಞಾನ ಏನು ಹೇಳುತ್ತದೆ ಎಂಬುದರಲ್ಲಿ ಗಟ್ಟಿಯಾದದ್ದು ಯಾವುದು, ಅಂದಾಜು ಯಾವುದು ಎಂದು ಬೇರ್ಪಡಿಸಿ ಹೇಳುತ್ತೇನೆ. ಒಂದು ಪಾಳಿಯ ಕೊನೆಗೆ ಮತ್ತು ಒಂದು ಬೆಂಕಿ ಋತುವಿನ ಕೊನೆಗೆ ಊದುವ ಅಂಕಿ ಇಳಿದಿರುತ್ತದೆ ಎಂಬುದನ್ನು 1990ರ ದಶಕದಿಂದಲೂ ಹಲವು ಅಧ್ಯಯನಗಳು ತೋರಿಸಿವೆ, ಇದು ಗಟ್ಟಿ. ಕೆನಡಾದ ಫೋರ್ಟ್ ಮೆಕ್‌ಮರ್ರಿಯಲ್ಲಿ 2016ರ ಬೆಂಕಿಗೆ ಹೋದ ಅಗ್ನಿಶಾಮಕರನ್ನು ಮುಂದಿನ ವರ್ಷಗಳಲ್ಲಿ ಹಿಂಬಾಲಿಸಿ ನೋಡಿದಾಗ ಅವರಲ್ಲಿ ಆಸ್ತಮಾ ಹೆಚ್ಚಾಗಿ ಕಂಡುಬಂತು. ಅಮೆರಿಕದ ಮೊಂಟಾನಾ ರಾಜ್ಯದ ಸೀಲಿ ಲೇಕ್ ಎಂಬ ಊರು 2017ರಲ್ಲಿ 49 ದಿನ ಹೊಗೆಯಲ್ಲಿ ಮುಳುಗಿತ್ತು. ಅಲ್ಲಿ ಪರೀಕ್ಷಿಸಿದ ನಿವಾಸಿಗಳಲ್ಲಿ ಗಾಳಿಯ ಹರಿವು ಸಾಧಾರಣಕ್ಕಿಂತ ಕೆಳಗಿದ್ದವರ ಪಾಲು ಹೊಗೆ ಕಳೆದ ಹೊಸತರಲ್ಲಿ ಶೇ 10ರಷ್ಟಿದ್ದರೆ, ಒಂದು ವರ್ಷದ ಮೇಲೆ ಶೇ 46ರಷ್ಟಾಗಿತ್ತು. ಹೊಗೆ ಹೋದ ಮೇಲೆ ಕೆಡುಕು ಕಾಣಿಸಿಕೊಂಡದ್ದು ಇಲ್ಲಿ ಗಮನಿಸಬೇಕಾದದ್ದು. ಮೇಷ್ಟ್ರ ಅಣ್ಣನಿಗೆ ಮಳೆಗಾಲದಲ್ಲೂ ಕೆಮ್ಮು ನಿಲ್ಲದಿರುವುದು ಹಾಗಾಗಿ ನನಗೆ ಆಶ್ಚರ್ಯ ತರಲಿಲ್ಲ.

ಕ್ಯಾನ್ಸರ್ ವಿಚಾರದಲ್ಲಿ ಹೆದರಿಸುವ ಸುದ್ದಿಗಳು ಬಹಳ ಹರಿದಾಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು ಮೊದಲ ಗುಂಪಿಗೆ ಸೇರಿಸಿದ್ದು ನಿಜ. ಆದರೆ ಸಾಕಷ್ಟು ಪುರಾವೆ ಸಿಕ್ಕಿದ್ದು ಮೂತ್ರಕೋಶದ ಕ್ಯಾನ್ಸರ್‌ಗೆ ಮತ್ತು ಶ್ವಾಸಕೋಶದ ಹೊದಿಕೆಗೆ ಬರುವ ಮೆಸೊಥೆಲಿಯೋಮಾಕ್ಕೆ, ಅದರಲ್ಲೂ ಬಹುಪಾಲು ಕಟ್ಟಡದ ಬೆಂಕಿಯವರಿಂದ. ಕಾಡಿನವರ ಬಗ್ಗೆ 2019ರಲ್ಲಿ ಬಂದ ಒಂದು ಲೆಕ್ಕಾಚಾರ, ವರ್ಷಕ್ಕೆ 49ರಿಂದ 98 ದಿನದಂತೆ ಐದರಿಂದ ಇಪ್ಪತ್ತೈದು ವರ್ಷ ಹೊಗೆ ಕುಡಿದರೆ ಶ್ವಾಸಕೋಶದ ಕ್ಯಾನ್ಸರಿನಿಂದ ಸಾಯುವ ಅಪಾಯ ಶೇ 8ರಿಂದ 43ರಷ್ಟು, ಹೃದಯರೋಗದ್ದು ಶೇ 16ರಿಂದ 30ರಷ್ಟು ಏರಬಹುದೆಂದು ಹೇಳಿತು. ಸತ್ತವರನ್ನು ಎಣಿಸಿ ತೆಗೆದ ಅಂಕಿಯಲ್ಲ ಅದು, ಅಳೆದ ಹೊಗೆಯಿಂದ ಗುಣಿಸಿ ತೆಗೆದದ್ದು. ನಾನು ಅದರಿಂದ ತೆಗೆದುಕೊಳ್ಳುವ ತಿಳಿವಳಿಕೆ ಇಷ್ಟೇ: ಯಾವುದೋ ಒಂದು ದೊಡ್ಡ ಬೆಂಕಿಗಿಂತ ಒಟ್ಟು ದಿನಗಳ ಲೆಕ್ಕ ಮುಖ್ಯ.

ಈ ಲೆಕ್ಕಕ್ಕೆ ಇನ್ನೊಂದು ಉಪಯೋಗವಿದೆ. ಇಲ್ಲಿ 2022ರ ಕೊನೆಯಲ್ಲಿ ಬಂದ ಕಾಯ್ದೆಯ ಪ್ರಕಾರ, ಒಟ್ಟು ಐದು ವರ್ಷ ಸೇವೆ ಮಾಡಿದ ಕೇಂದ್ರ ಸರ್ಕಾರದ ಅಗ್ನಿಶಾಮಕರಿಗೆ ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದರೆ ಅದು ಕೆಲಸದಿಂದಲೇ ಬಂದದ್ದೆಂದು ಭಾವಿಸಿ ಪರಿಹಾರ ಕೊಡುತ್ತಾರೆ. ಅದಕ್ಕೆ ಮೊದಲು ಇಂಥ ದಿನದ ಇಂಥ ಹೊಗೆಯಿಂದ ಎಂದು ರೋಗಿಯೇ ಸಾಬೀತು ಮಾಡಬೇಕಿತ್ತು, ಯಾರಿಂದಲೂ ಆಗುತ್ತಿರಲಿಲ್ಲ. ಊರಿನಲ್ಲಿ ಯಾವ ಕಾಯ್ದೆ ಇದ್ದರೂ ಇಲ್ಲದಿದ್ದರೂ, ಯಾವ ದಿನ, ಯಾವ ಜಾಗ, ಎಷ್ಟು ಗಂಟೆ ಎಂದು ಬರೆದಿಟ್ಟ ಒಂದು ಪುಸ್ತಕ ವೈದ್ಯರಿಗೂ ವಕೀಲರಿಗೂ ಉಪಯೋಗಕ್ಕೆ ಬರುತ್ತದೆ.

ಹಂಗಳದ ಮೇಷ್ಟ್ರು – ಜುಲೈ 21

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೈಸೂರಿಗೆ ಹೋಗಿ ಬಂದೆವು. ಕಫದಲ್ಲಿ ಕ್ಷಯವಿಲ್ಲ. ಊದುವ ಪರೀಕ್ಷೆಯಲ್ಲಿ ಮೊದಲ ಸೆಕೆಂಡಿನ ಗಾಳಿ 2.61 ಲೀಟರ್, ಒಟ್ಟು 3.72, ಔಷಧ ಎಳೆಸಿದ ಮೇಲೆ ಮೊದಲ ಸೆಕೆಂಡಿನದು 2.98ಕ್ಕೆ ಏರಿತು. ವರದಿಯಲ್ಲಿ ಮೊದಲ ಅಂಕಿಯ ಎದುರಿಗೆ ಶೇ 83 ಎಂದಿದೆ. ವೈದ್ಯೆಯವರು ಇಲ್ಲಿ ಮೊದಲೇ ಎಚ್ಚರಿಸದಿದ್ದರೆ ಆ ಅಂಕಿ ನೋಡಿ ನಾನು ಖುಷಿಯಿಂದ ಬಸ್ಸು ಹತ್ತುತ್ತಿದ್ದೆ. ದಿನಕ್ಕೆರಡು ಬಾರಿ ಎಳೆಯುವ ಸ್ಟೀರಾಯ್ಡ್ ಇನ್ಹೇಲರ್ ಬರೆದುಕೊಟ್ಟಿದ್ದಾರೆ. ‘ಒಮ್ಮೆ ಹಿಡಿದರೆ ಸಾಯುವವರೆಗೂ ಬಿಡುವ ಹಾಗಿಲ್ಲ’ ಎಂದು ಯಾರೋ ಹೇಳಿದ್ದರಿಂದ ಅಣ್ಣ ಹಿಂಜರಿಯುತ್ತಿದ್ದಾನೆ.

ಸೌದೆ ಒಲೆ ಹಿತ್ತಿಲಿನಲ್ಲಿದೆ, ನೀರು ಕಾಯಿಸಲು ಮಾತ್ರ. ಅಣ್ಣ ಮಲಗುವ ಕೋಣೆಯ ಕಿಟಕಿ ಅದರ ಮೇಲೆಯೇ ತೆರೆದುಕೊಳ್ಳುತ್ತದೆ ಎಂಬುದು ನೀವು ಕೇಳುವವರೆಗೆ ನನಗೆ ಹೊಳೆದಿರಲಿಲ್ಲ.

ದಿನಗಳ ಲೆಕ್ಕದ ಪುಸ್ತಕ ನಮ್ಮಲ್ಲಿಲ್ಲ ಎಂದುಕೊಂಡಿದ್ದೆ. ಮೊನ್ನೆ ಅತ್ತಿಗೆ ಟ್ರಂಕಿನಿಂದ ಸುರುಳಿ ಸುತ್ತಿದ ನಾಲ್ಕು ಹಳೆಯ ಒಂಟಿಕೊಪ್ಪಲ್ ಕ್ಯಾಲೆಂಡರುಗಳನ್ನು ತೆಗೆದರು. ಕೂಲಿಯ ಲೆಕ್ಕಕ್ಕಾಗಿ ಅಣ್ಣ ಕೆಲಸಕ್ಕೆ ಹೋದ ದಿನಕ್ಕೆಲ್ಲ ಅವರು ಒಂದು ಅಡ್ಡಗೆರೆ ಎಳೆದಿದ್ದಾರೆ. ರಾತ್ರಿ ಬೆಂಕಿಯ ಜಾಗದಲ್ಲೇ ಉಳಿದ ದಿನಕ್ಕೆ ಗೆರೆಯ ಮೇಲೆ ಒಂದು ಸೊನ್ನೆ. ಇಬ್ಬರೂ ಕುಳಿತು ಸೊನ್ನೆಗಳನ್ನು ಎಣಿಸಿದೆವು. ನಾಲ್ಕು ಬೇಸಿಗೆಗೆ 19, 31, 27, 34. ಬೆಂಕಿ ರೇಖೆ ಸುಟ್ಟ ಹಗಲುಗಳು ಇದರಲ್ಲಿ ಸೇರಿಲ್ಲ.

ಎದೆರೋಗ ವೈದ್ಯೆ, ಮೈಸೂರು – ಜುಲೈ 21

370 ಮಿಲಿಲೀಟರ್, ಅಂದರೆ ಶೇ 14ರಷ್ಟು ಏರಿಕೆ. ನಾಳಗಳು ಇನ್ನೂ ತೆರೆದುಕೊಳ್ಳಬಲ್ಲವು ಎಂಬುದಕ್ಕೆ ಇದು ಒಳ್ಳೆಯ ಗುರುತು. ಇನ್ಹೇಲರ್ ಚಟವಾಗುವ ವಸ್ತುವಲ್ಲ ಎಂದು ಅಣ್ಣನಿಗೆ ಹೇಳಿ. ಅದರಲ್ಲಿರುವ ಸ್ಟೀರಾಯ್ಡ್ ಮೈಕ್ರೋಗ್ರಾಂ ಲೆಕ್ಕದ್ದು, ನೇರವಾಗಿ ನಾಳಕ್ಕೆ ಹೋಗುತ್ತದೆ. ಉಬ್ಬಸ ಉಲ್ಬಣಿಸಿದಾಗ ನುಂಗಿಸುವ ಮಾತ್ರೆಯಲ್ಲಿರುವುದು ಮಿಲಿಗ್ರಾಂ ಲೆಕ್ಕದ್ದು, ಇಡೀ ಮೈಗೆ ಹರಡುತ್ತದೆ. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಲು ಮರೆಯಬಾರದು. ಕೆಮ್ಮು ನಿಂತಿತೆಂದು ತಾನಾಗಿ ಬಿಡಬಾರದು. ಕಿಟಕಿಯ ಕೆಳಗಿನ ಒಲೆಯನ್ನು ಈ ವಾರವೇ ಬೇರೆ ಕಡೆ ಹಾಕಿಸಿ.

ಡಿಸೆಂಬರ್ ಕೆಲಸದ ಬಗ್ಗೆ ಈಗಲೇ ಹೌದು, ಅಲ್ಲ ಎನ್ನಲಾರೆ. ಚಿಕಿತ್ಸೆಯಲ್ಲಿ ನಾಲ್ಕು ತಿಂಗಳು ಕಳೆದ ಮೇಲೆ, ರೇಖೆ ಸುಡಲು ಶುರುವಾಗುವ ಮೊದಲು, ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಮ್ಮೆ ಊದಿಸೋಣ. ಅಂಕಿ 3 ಲೀಟರ್ ಹತ್ತಿರ ನಿಂತು ರಾತ್ರಿಯ ಕೆಮ್ಮು ಹೋಗಿದ್ದರೆ, ವಾಚ್ ಟವರಿನ ಕಾವಲು, ವೈರ್‌ಲೆಸ್ ಇಂಥ ಹೊಗೆ ಕಡಿಮೆಯಿರುವ ಕೆಲಸಕ್ಕೆ ಹಾಕುವಂತೆ ನಾನೇ ಪತ್ರ ಬರೆದುಕೊಡುತ್ತೇನೆ. ಕೊರಡು ಕೆದಕಲು ಈ ವರ್ಷ ಬೇಡ.

ಅತ್ತಿಗೆಯವರ ನಾಲ್ಕು ಕ್ಯಾಲೆಂಡರುಗಳನ್ನೂ ಫೋಟೊ ತೆಗೆದು ಫೈಲಿನಲ್ಲಿ ಇರಿಸಿ, ಮೂಲವನ್ನು ಮತ್ತೆ ಟ್ರಂಕಿನಲ್ಲೇ ಇಡಿ.

ನಿವೃತ್ತ ಆರ್‌ಎಫ್‌ಒ, ಹುಣಸೂರು – ಜುಲೈ 22

ಮೇಷ್ಟ್ರೇ, ಆ ಪತ್ರ ಸಿಕ್ಕಿದ ದಿನ ನನಗೆ ತಿಳಿಸಿ, ನಿಮ್ಮ ವಲಯದಲ್ಲಿ ಈಗಿರುವವರು ನನ್ನ ಕೈಕೆಳಗೆ ಕೆಲಸ ಕಲಿತವರು, ನಾನೇ ಜೊತೆಗೆ ಬರುತ್ತೇನೆ. ರೇಖೆ ಸುಟ್ಟ ಹಗಲುಗಳಿಗೆ ಅತ್ತಿಗೆಯವರು ಇನ್ನು ಮುಂದೆ ಬೇರೆ ಗುರುತು ಹಾಕಲಿ. ಸೊನ್ನೆಯ ಬದಲು ಒಂದು ಚುಕ್ಕೆ ಸಾಕು.